ಕ್ಲಚ್ ಪೆಡಲಿಗೆ ಕಟ್ಟಿದ ಗಂಟೆ

ಮೇ 21, ಗುರುವಾರ

ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಮರಿ ಹಾಕಬೇಕಾದ ಕುರಿಗಳು ಇನ್ನು ಹನ್ನೆರಡು ಉಳಿದಿವೆ.

ನೀರಿನ ಟ್ಯಾಂಕ್ ಕಟ್ಟಿಕೊಂಡು ಕೆಂಪು ದಿಬ್ಬ ಹತ್ತುವಾಗ ನನ್ನ ಪಿಕಪ್‌ನ ಎಂಜಿನ್ ಜೋರಾಗಿ ಕೂಗಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಸುಟ್ಟ ವಾಸನೆ. ಕ್ಲಚ್ ಸ್ಲಿಪ್ ಆಗುತ್ತಿದೆ. ಎರಡು ಸಲ ನಿಲ್ಲಿಸಿ, ತಣಿಯಲು ಬಿಟ್ಟು, ಮೂರನೇ ಸಲಕ್ಕೆ ಹತ್ತಿಸಿದೆ.

ಮನೆಗೆ ಬಂದಾಗ ಹೆಂಡತಿ ಮೈಟೆ ಮೂಗರಳಿಸಿ, "ಏನೋ ಸುಟ್ಟ ವಾಸನೆ" ಎಂದಳು. ಒಲೆಯ ಮೇಲೆ ಏನಿದೆ ನೋಡು ಎಂದೆ. "ಒಲೆ ಹಚ್ಚೇ ಇಲ್ಲ" ಎಂದಳು.

ಈ ಕ್ಲಚ್ ಹಾಕಿಸಿ ಮೂರು ವರ್ಷವಾಯಿತು. ಅದರ ಹಿಂದಿನದೂ ಬಾಳಿದ್ದು ಮೂರೇ ವರ್ಷ. ಕಂಪನಿಗಳು ಈಗ ಏನನ್ನೂ ಗಟ್ಟಿಯಾಗಿ ಮಾಡುವುದಿಲ್ಲ.

ದಿನಗಳ ಲೆಕ್ಕ ಹೀಗಿದೆ. ಜೂನ್ 27ಕ್ಕೆ ಸಾವಿರದ ನಲವತ್ತು ಕುರಿ, ಅವುಗಳ ಮರಿಗಳು, ಎಲ್ಲವೂ ಬೆಟ್ಟದ ದಾರಿ ಹಿಡಿಯಬೇಕು. ಜುಲೈ 6ಕ್ಕೆ ಬಿಗ್‌ಹಾರ್ನ್ ಬೆಟ್ಟದ ಮೇಲೆ ಅರಣ್ಯ ಇಲಾಖೆಯವರು ಹುಲ್ಲುಗಾವಲಿನ ಗೇಟು ತೆಗೆಯುತ್ತಾರೆ. ಕುರಿಗಳ ಜೊತೆ ಕುರಿಗಾಹಿ ತೆಯೋನ ಬಂಡಿ ಹೋಗಬೇಕು. ಅವನ ಹಾಸಿಗೆ, ಒಲೆ, ಬೇಸಿಗೆಯ ದಿನಸಿ ಎಲ್ಲ ಅದರಲ್ಲಿದೆ. ಬಂಡಿಯಿಲ್ಲದೆ ಕುರಿಗಾಹಿ ಬೆಟ್ಟದಲ್ಲಿ ಉಳಿಯಲಾರ. ಕುರಿಗಳು ಹತ್ತದಿದ್ದರೆ ಕೆಳಗಿನ ಹುಲ್ಲು ಜುಲೈ ಅರ್ಧಕ್ಕೆ ಮುಗಿಯುತ್ತದೆ. ಆಮೇಲೆ ಮಾರುವುದೊಂದೇ ದಾರಿ.

ಬಂಡಿ ಎಳೆಯುವುದು ಅಪ್ಪನ ಕೆಲಸವಾಗಿತ್ತು. ಈಗ ನನ್ನದು. ನಲವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಎಡ ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆ. ಮಳೆ ಬರಬಹುದು.

ಮೇ 22, ಶುಕ್ರವಾರ

ಮಳೆ ಬರಲಿಲ್ಲ.

ಡೆಲ್ಮರ್‌ನ ಗ್ಯಾರೇಜಿಗೆ ಹೋಗಿದ್ದೆ. ನನ್ನ ಪಿಕಪ್ಪನ್ನು ಅವನು ಕೂತಲ್ಲಿಂದಲೇ ಸದ್ದಿನಲ್ಲಿ ಗುರುತಿಸುತ್ತಾನೆ. "ಬಾ ಗ್ರಾಸಿಯನ್, ಒಂಬತ್ತು ವರ್ಷಕ್ಕೆ ಮೂರನೇದು. ಕ್ಲಚ್ ಒತ್ತಿ ಓಡಿಸ್ತಿದೀಯೋ, ಬ್ರೆಡ್ಡಿಗೆ ಹಚ್ಕೊಂಡು ತಿಂತಿದೀಯೋ?"

ಮೂರು ಬಗೆಯಿವೆಯಂತೆ. ಒಂದು, ಕಂಪನಿಯಿಂದ ಬಂದಂಥದ್ದೇ. ಎರಡು, ಅದೇ ಒಂದು ಪ್ಲೇಟು, ಆದರೆ ಲೈನಿಂಗ್ ಒಳ್ಳೆಯದು, ಒತ್ತುವ ಸ್ಪ್ರಿಂಗು ತುಸು ಬಿಗಿ. ಮೂರು, ಎರಡು ಪ್ಲೇಟಿನದು. ಭಾರಿ ಭಾರ ಎಳೆಯುವವರಿಗೆ. ಹಿಡಿದರೆ ಬಿಡುವುದಿಲ್ಲ. ಪೆಡಲೂ ಹಾಗೇ, ಕಲ್ಲಿನ ಹಾಗೆ.

"ಎರಡು ಪ್ಲೇಟಿಂದು ಹಾಕು" ಎಂದೆ.

"ಯಾವುದಾದ್ರೂ ಹಾಕೋಣ ಕಣಯ್ಯ. ಮೊದಲು ಹಳೇದು ಯಾಕೆ ಹೋಯ್ತು ಅಂತ ನೋಡ್ಬೇಕಲ್ಲ. ನೀನು ಸವೆಸ್ತಿದೀಯೋ, ಮೈಟೆನೋ?"

ಮೈಟೆ ಇರಬೇಕು ಎಂದೆ. ಈ ವರ್ಷ ಅವಳು ಅದನ್ನು ಮೂರು ಸಲ ಓಡಿಸಿದ್ದಾಳೆ. ಶಾಲಾ ಬಸ್ಸು ಓಡಿಸುವವರಿಗೆ ಪಿಕಪ್‌ನ ನಾಜೂಕು ತಿಳಿಯುವುದಿಲ್ಲ.

ಊಟದ ಹೊತ್ತಿಗೆ ಈ ಮಾತನ್ನು ಮೈಟೆಗೂ ಹೇಳಿದೆ. ಹೇಳಬಾರದಿತ್ತೋ ಏನೋ. ಅವಳು ಚಮಚ ಕೆಳಗಿಟ್ಟು, "ಓ, ಹಾಗಾ" ಎಂದಳು. ಅಷ್ಟೇ.

ಮೇ 24, ಭಾನುವಾರ

ನಮ್ಮ ಮುಂದಾಳು ಟಗರು ಕರ್ನಲ್ ಮಾರ್ಚ್‌ನಲ್ಲಿ ಸತ್ತಿತು. ಹನ್ನೊಂದು ವರ್ಷ ಹಿಂಡಿನ ಮುಂದೆ ನಡೆದಿತ್ತು. ಅದರ ಕೊರಳಿನ ಹಿತ್ತಾಳೆ ಗಂಟೆ ಕೊಟ್ಟಿಗೆಯ ಮೊಳೆಗೆ ತೂಗುಹಾಕಿತ್ತು. ಈ ಬೆಳಿಗ್ಗೆ ಚರ್ಚಿಗೆ ಹೊರಡಲು ಪಿಕಪ್ ಹತ್ತಿದರೆ ಆ ಗಂಟೆ ನನ್ನ ಕ್ಲಚ್ ಪೆಡಲಿನ ಕೆಳಗೆ ತಂತಿಯಲ್ಲಿ ಬಿಗಿದಿತ್ತು.

"ಏನಿದು?"

"ಪರೀಕ್ಷೆ" ಎಂದಳು ಮೈಟೆ. ಒಳ್ಳೆಯ ಕೋಟು ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಳು. "ಪೆಡಲ್ ಒತ್ತಿದಾಗ ಮಾತ್ರ ಬಾರಿಸ್ಬೇಕು. ಚರ್ಚಿಗೆ ಹೋಗೋದ್ರೊಳಗೆ ಎಷ್ಟು ಸಲ ಗೇರ್ ಬದಲಾಯಿಸ್ತೀಯ?"

"ಇಪ್ಪತ್ತು."

"ಹಾಗಾದ್ರೆ ಇಪ್ಪತ್ತೇ ಸಲ ಗಂಟೆ. ನಾನು ಎಣಿಸ್ತೀನಿ."

ನಮ್ಮ ಮನೆಯಿಂದ ಚರ್ಚಿಗೆ ಹದಿನಾಲ್ಕು ಮೈಲಿ. ಗಂಟೆ ಹದಿನಾಲ್ಕು ಮೈಲಿಯೂ ಬಾರಿಸಿತು. ಮೈಟೆ ಮೂರನೇ ಮೈಲಿಗೇ ಎಣಿಸುವುದನ್ನು ಬಿಟ್ಟು ಕಿಟಕಿಯಾಚೆ ನೋಡುತ್ತ ಕೂತಳು. ಅವಳ ಭುಜ ಕುಲುಕುತ್ತಿತ್ತು.

ರಸ್ತೆ ಸರಿಯಿಲ್ಲ. ಕಳೆದ ವಾರ ರಸ್ತೆ ಸಮಮಾಡುವ ಗ್ರೇಡರ್ ಹಾಯಿಸಿದರೂ ಗುಂಡಿಗಳು ಹಾಗೇ ಇವೆ.

ಚರ್ಚಿನ ಬಾಗಿಲಲ್ಲಿ ಫಾದರ್ ನಿಂತಿದ್ದರು. "ಏನು ಗ್ರಾಸಿಯನ್, ಪೂಜೆಗೆ ಕುರಿಗಳನ್ನೂ ಕರ್ಕೊಂಡು ಬಂದ್ಯಾ?"

ಮೇ 25, ಸೋಮವಾರ

ಗಂಟೆ ಬಿಚ್ಚಿ ಮೊಳೆಗೆ ಹಾಕಿದೆ. ಅವಳು ತಂತಿಯನ್ನು ಸಡಿಲವಾಗಿ ಕಟ್ಟಿದ್ದಳು. ಹಾಗೆ ಕಟ್ಟಿದರೆ ಯಾವ ಗಂಟೆಯಾದರೂ ಬಾರಿಸುತ್ತದೆ.

ಮೇ 29, ಶುಕ್ರವಾರ

ಕ್ಲಚ್ ಕಂಪನಿಗೆ ಫೋನ್ ಮಾಡಿದೆ. ಕೊರಿನ್ ಎಂಬ ಹೆಂಗಸು ಎತ್ತಿದರು. ವಯಸ್ಸಾದ ದನಿ. ಹಿಂದೆ ರೇಡಿಯೋ ಹಾಡುತ್ತಿತ್ತು.

"ಎಷ್ಟು ಭಾರ ಎಳೀತೀರಿ?"

"ಬಂಡಿ, ಸೌದೆ, ದಿನಸಿ ಸೇರಿ ನಾಲ್ಕು ಸಾವಿರದ ಆರುನೂರು ಪೌಂಡು."

"ಎಂಜಿನ್ ಶಕ್ತಿ ಹೆಚ್ಚಿಸೋಕೆ ಏನಾದ್ರೂ ಮಾಡ್ಸಿದೀರಾ?"

"ಇಲ್ಲ."

"ಹಾಗಾದ್ರೆ ಎರಡು ಪ್ಲೇಟಿಂದು ನಿಮಗ್ಯಾಕೆ ಸ್ವಾಮಿ? ಅದು ಹತ್ತು ಟನ್ ಹುಲ್ಲು ಎಳೆಯೋರಿಗೆ, ಇಲ್ಲಾ ರೇಸ್ ಹುಚ್ಚಿರೋರಿಗೆ."

"ಗಟ್ಟಿ ಇರ್ಲಿ ಅಂತ."

"ಗಟ್ಟಿ ಏನೋ ಇರುತ್ತೆ. ಒತ್ತೋ ಕಾಲೂ ಗಟ್ಟಿ ಇರ್ಬೇಕಲ್ಲ. ಗಾಡಿ ಓಡಿಸೋದು ಯಾರು?"

"ನಾನೇ. ಬೇರೆ ಯಾರೂ ಇಲ್ಲ."

"ಎಡಗಾಲು ಹೇಗಿದೆ?"

ಕ್ಲಚ್ ಮಾರುವವರಿಗೆ ಇದೆಲ್ಲ ಯಾಕೆ ಎಂದು ಕೇಳಲಿಲ್ಲ. ಕಾಲು ಕಾಲಿನ ಹಾಗಿದೆ ಎಂದೆ. ಆಕೆ ನಕ್ಕು, ದುಡುಕಬೇಡಿ, ಅಂಥ ಕ್ಲಚ್ ಇರುವ ಗಾಡಿಯಲ್ಲಿ ಒಮ್ಮೆ ಕೂತು ನೋಡಿ, ಆಮೇಲೆ ಫೋನ್ ಮಾಡಿ ಎಂದರು.

ತೆಯೋ ಸಿಕ್ಕಿದ್ದ. ನಮ್ಮ ಕುರಿಗಾಹಿ, ಪೆರು ದೇಶದವನು, ನಮ್ಮಲ್ಲಿಗೆ ಬಂದು ಆರು ವರ್ಷ. ಕಾಲು ಮುರಿದ ಕುರಿಗೆ ಪಟ್ಟಿ ಕಟ್ಟುತ್ತಿದ್ದ. "ನೋಡಿ ಯಜಮಾನ್ರೇ, ಇದು ನಿಮ್ಮ ಹಾಗೇ ನಡೀತಿದೆ" ಎಂದ. ಅವನಿಗೆ ಸಲಿಗೆ ಜಾಸ್ತಿಯಾಗಿದೆ.

ಜೂನ್ 2, ಮಂಗಳವಾರ

ಹುಲ್ಲು ಸಾಗಿಸುವವನೊಬ್ಬ ತನ್ನ ಪಿಕಪ್ಪನ್ನು ಡೆಲ್ಮರ್‌ನ ಅಂಗಳದಲ್ಲಿ ಬಿಟ್ಟಿದ್ದ. ಅದರಲ್ಲಿ ಎರಡು ಪ್ಲೇಟಿನ ಕ್ಲಚ್ ಇದೆ. ಹತ್ತಿ ಕೂತೆ.

ಮೊದಲ ಸಲ ಒತ್ತಿದೆ, ಹೋಯಿತು. ಎರಡನೇ ಸಲವೂ ಹೋಯಿತು. ಮೂರನೇ ಸಲ ಅರ್ಧ ಹೋಯಿತು. ನಾಲ್ಕನೇ ಸಲಕ್ಕೆ ಕಾಲು ಪೆಡಲಿನ ಮೇಲೆ ಇತ್ತು, ಆದರೆ ಅದು ನನ್ನ ಮಾತು ಕೇಳಲಿಲ್ಲ.

ಡೆಲ್ಮರ್ ಕಿಟಕಿಯ ಪಕ್ಕದಲ್ಲೇ ನಿಂತಿದ್ದ. "ಕಾಫಿ ಮಾಡ್ಕೊಂಡು ಬರ್ತೀನಿ" ಎಂದು ಒಳಗೆ ಹೋದ. ಒಂದು ಕಾಫಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಾನು ಇಳಿದು ಬಂದು ಬೆಂಚಿನ ಮೇಲೆ ಕೂತಿದ್ದೆ.

ಆ ಗಾಡಿಯ ಸೀಟು ತೀರ ಹಿಂದಕ್ಕಿದೆ. ಅಂಥ ಸೀಟಿನಲ್ಲಿ ಕೂತು ಯಾವ ಪೆಡಲನ್ನೂ ಸರಿಯಾಗಿ ಒತ್ತಲಾಗದು.

ಜೂನ್ 3, ಬುಧವಾರ

ಗಾಳಿ. ಬರೆಯುವಂಥದ್ದು ಏನೂ ಇಲ್ಲ.

ಜೂನ್ 5, ಶುಕ್ರವಾರ

ಶಾಲೆಗೆ ಬೇಸಿಗೆ ರಜೆ ಶುರು. ಮೈಟೆ ಬಸ್ಸು ತೊಳೆದು ನಿಲ್ಲಿಸಿ ಬಂದಳು. ಬಸ್ಸು ಓಡಿಸಲು ಹಿಡಿದು ಅವಳಿಗೆ ಇಪ್ಪತ್ತೆರಡನೇ ವರ್ಷ. ಮಕ್ಕಳು ಕಾಗದದ ಕಿರೀಟ ಮಾಡಿ ಕೊಟ್ಟಿದ್ದರು. ಊಟದ ತನಕವೂ ಅದನ್ನು ತಲೆಯಿಂದ ತೆಗೆಯಲಿಲ್ಲ.

"ಬೇಸಿಗೆಗೆ ಏನು ಮಾಡ್ತೀಯ?" ಎಂದೆ.

"ಯಾರಾದ್ರೂ ಡ್ರೈವರ್ ಬೇಕು ಅಂದ್ರೆ ಹೋಗ್ತೀನಿ" ಎಂದಳು.

ಯಾರಿಗೆ ಬೇಕಾಗಿರುತ್ತದೆ? ಗೊತ್ತಾಗಲಿಲ್ಲ.

ಜೂನ್ 9, ಮಂಗಳವಾರ

ಡೆಲ್ಮರ್ ಗೇರ್‌ಬಾಕ್ಸ್ ಇಳಿಸಿದ. ಬಂದು ನೋಡು ಎಂದು ಕರೆದ. ಮೈಟೆ ತನ್ನ ಸಣ್ಣ ಕಾರಿನಲ್ಲಿ ಬಿಟ್ಟು ದಿನಸಿ ತರಲು ಹೋದಳು. ಅದೊಂದು ಒಳ್ಳೆಯದಾಯಿತು.

ಹಳೇ ಕ್ಲಚ್ ಬೆಂಚಿನ ಮೇಲಿತ್ತು. ಪ್ಲೇಟಿನ ಲೈನಿಂಗ್ ಸುಟ್ಟು ಕರಿಯಾಗಿತ್ತು. ಡೆಲ್ಮರ್ ಅದನ್ನು ಪಕ್ಕಕ್ಕೆ ಸರಿಸಿ ಬೇರಿಂಗ್ ಎತ್ತಿ ನನ್ನ ಕೈಗೆ ಕೊಟ್ಟ. ತಿರುಗಿಸಿದರೆ ಮರಳು ತುಂಬಿದ ಹಾಗೆ ಕರಕರ ಅಂತು.

"ಭಾರ ಎಳೆದು ಸವೆದ್ರೆ ಪ್ಲೇಟು ಸವೆಯುತ್ತೆ. ಬೇರಿಂಗ್ ಹೀಗಾಗಲ್ಲ" ಎಂದ. "ಪೆಡಲ್ ಮೇಲೆ ಕಾಲು ಇಟ್ಟಿದ್ರೆ ಮಾತ್ರ ಇದು ಸುತ್ತೋದು. ಇದು ಮೂರು ವರ್ಷ ನಿಲ್ಲದೆ ಸುತ್ತಿದೆ. ಇದು ಒತ್ತೋ ಸ್ಪ್ರಿಂಗಿನ ಬೆರಳುಗಳು ನೋಡು, ಉಜ್ಜಿ ಉಜ್ಜಿ ಕನ್ನಡಿ ಆಗಿವೆ. ಇದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದು."

"ಮೈಟೆ..." ಎಂದೆ.

"ಆ ಹೆಸರು ಎತ್ತಬೇಡ. ಅವಳು ಮೊದಲು ಓಡಿಸ್ತಿದ್ದ ಹಳೇ ಬಸ್ಸು ಕೈಗೇರಿಂದು. ಹತ್ತು ವರ್ಷ ಒಂದೇ ಕ್ಲಚ್ಚಲ್ಲಿ ಓಡಿಸಿದ್ಲು. ಅದನ್ನ ಬಿಚ್ಚಿದ್ದು ನಾನೇ. ಇನ್ನೂ ಎರಡು ವರ್ಷ ಬರ್ತಿತ್ತು."

ಆಮೇಲೆ, ಬೆಟ್ಟದ ದಾರಿಯಲ್ಲಿ ಗಾಡಿ ಹೇಗೆ ಓಡಿಸುತ್ತೀ ಎಂದು ಕೇಳಿದ. ಹೇಳಿದೆ. ಕುರಿಗಳು ಮುಂದೆ, ಬಂಡಿ ಹಿಂದೆ. ಅಪ್ಪ ಹಾಗೇ ಹೋಗುತ್ತಿದ್ದರು. ಕುರಿಗಳು ಮೇಯುತ್ತ ನಡೆಯುವ ವೇಗಕ್ಕಿಂತ ನನ್ನ ಮೊದಲ ಗೇರು ಜೋರು. ಹಾಗಾಗಿ ಪೆಡಲ್ ಅರ್ಧ ಒತ್ತಿ, ಹಾಫ್ ಕ್ಲಚ್ಚಿನಲ್ಲಿ ಹಿಡಿದುಕೊಂಡೇ ಹೋಗಬೇಕು.

"ಎಷ್ಟು ದೂರ?"

"ಎಪ್ಪತ್ತು ಮೈಲಿ."

ಡೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಎಪ್ಪತ್ತು ಮೈಲಿ ಹಾಫ್ ಕ್ಲಚ್ಚು. ಹತ್ತೋವಾಗ್ಲೂ, ಇಳಿಯೋವಾಗ್ಲೂ. ಪುಣ್ಯಾತ್ಮ, ನಿಮ್ಮಪ್ಪನ ಬಂಡಿ ಎಳೀತಿದ್ದದ್ದು ಏನು?"

"ಎರಡು ಕುದುರೆ."

"ಕುದುರೆಗೆ ಕ್ಲಚ್ ಇತ್ತಾ?"

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ, ಸದ್ಯ.

ಗೇರಿನ ಪಕ್ಕದ ಸಣ್ಣ ಲಿವರ್ ಹಾಕಿದರೆ ಗಾಡಿ ನಡೆಯುವವರಿಗಿಂತ ನಿಧಾನಕ್ಕೆ ತಾನೇ ಹೋಗುತ್ತದಂತೆ, ಕ್ಲಚ್ ಮುಟ್ಟಬೇಕಾಗಿಯೇ ಇಲ್ಲವಂತೆ. ಅದು ಕೆಸರಿಗೆ, ಹಿಮಕ್ಕೆ ಎಂದು ನಾನು ತಿಳಿದಿದ್ದೆ. ಮಣ್ಣು ದಾರಿಯಲ್ಲೂ ಹಾಕಬಹುದು ಎಂದ. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಹಾಫ್ ಕ್ಲಚ್ಚಿನ ವಿಷಯ ಒಪ್ಪುತ್ತೇನೆ. ಆದರೆ ಬರೀ ಊರಿನ ದಾರಿಯಲ್ಲೂ ಪೆಡಲಿನ ಮೇಲೆ ಕಾಲು ಯಾಕೆ ಇರುತ್ತದೆ ಎಂದು ಅವನು ಕೇಳಿದಾಗ ಬೇರಿಂಗನ್ನು ಬೆಂಚಿನ ಮೇಲಿಟ್ಟು, ಬಿಲ್ಲು ಎಷ್ಟಾಗುತ್ತದೆ ಎಂದೆ. ಕಾಲನ್ನು ಕೆಳಗಿಟ್ಟರೆ ಮತ್ತೆ ಎತ್ತಬೇಕಾಗುತ್ತದೆ. ಎತ್ತುವುದೇ ಕಷ್ಟ. ಇಟ್ಟಲ್ಲೇ ಇದ್ದರೆ ನೋವಿಲ್ಲ. ಇದನ್ನು ಇಲ್ಲಿ ಬರೆದಿದ್ದೇನೆ, ಸಾಕು.

ಜೂನ್ 10, ಬುಧವಾರ

ಇವತ್ತಿನದು ಒಳ್ಳೆಯ ದಿನವಲ್ಲ.

ಡೆಲ್ಮರ್ ಕೆಲಸ ಶುರುಮಾಡುವ ಮುಂಚೆ ಪಿಕಪ್‌ನೊಳಗಿನ ಸಾಮಾನನ್ನೆಲ್ಲ ಒಂದು ಚೀಲಕ್ಕೆ ತುಂಬಿದ್ದನಂತೆ. ಬೆಳಿಗ್ಗೆ ಮೈಟೆ ಅತ್ತ ಹೋದಾಗ ಚೀಲ ಅವಳ ಕೈಗೆ ಕೊಟ್ಟಿದ್ದಾನೆ. ಒಂದು ಟಾರ್ಚು, ಎರಡು ಕೈಗವಸು, ಬೇಲಿ ಮೊಳೆ, ಮತ್ತು ಮೂಳೆ ಡಾಕ್ಟರು ಫೆಬ್ರವರಿಯಲ್ಲಿ ಕೊಟ್ಟ ಕಾಗದ.

ಕಾಗದದಲ್ಲಿ ಇದ್ದದ್ದು: ಎಡ ಮೊಣಕಾಲಿನ ಕೀಲು ಪೂರ್ತಿ ಸವೆದಿದೆ. ಬದಲಾಯಿಸಬೇಕು. ಆಮೇಲೆ ಮೂರು ತಿಂಗಳು ಕ್ಲಚ್ ಒತ್ತುವಂತಿಲ್ಲ.

ಮೈಟೆ ಅದನ್ನು ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಕುರಿಮಾಂಸದ ಸಾರು ಬಡಿಸಿದಳು.

"ನಾಲ್ಕು ತಿಂಗಳಿಂದ ಈ ಕಾಗದ ಗಾಡೀಲಿ ಸುತ್ತಾಡ್ತಿದೆ" ಎಂದಳು. "ನನಗಿಂತ ಜಾಸ್ತಿ ಊರು ನೋಡಿದೆ."

ನಾನು ಬ್ರೆಡ್ ಮುರಿದು ಸಾರಿನಲ್ಲಿ ಅದ್ದಿದೆ.

"ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಆಪರೇಷನ್ ಮಾಡ್ಸು ಅಂತಿದ್ದೆ. ಮಾಡ್ಸಿದ್ರೆ ಬಂಡಿ ಯಾರು ಎಳೀತಾರೆ? ಬಂಡಿ ಹೋಗದಿದ್ರೆ ಕುರಿ ಮಾರ್ಬೇಕು. ಮಾರಿದ್ಮೇಲೆ ಹೊಸ ಮೊಣಕಾಲು ಇಟ್ಕೊಂಡು ಏನು ಮಾಡ್ಲಿ, ಡಾನ್ಸಾ?"

"ಈ ಮನೇಲಿ ಡ್ರೈವಿಂಗ್ ಬರೋರು ಇನ್ಯಾರೂ ಇಲ್ವಾ?"

"ಬಂಡಿ ಕಟ್ಕೊಂಡು ಓಡಿಸೋದು ಬೇರೆ ಮೈಟೆ. ರಿವರ್ಸ್ ತಗೋಬೇಕಾಗುತ್ತೆ."

"ನಲವತ್ತೆಂಟು ಮಕ್ಕಳು ಒಟ್ಟಿಗೆ ಕಿರಿಚ್ತಿರುವಾಗ, ಮಂಜುಗಡ್ಡೆ ಮೇಲೆ, ಹೋಗ್ಲಂಡ್ ಅಜ್ಜಿ ಮನೆ ಗೇಟಲ್ಲಿ ಬಸ್ಸು ರಿವರ್ಸ್ ತಗೊಂಡಿದೀನಿ. ಇಪ್ಪತ್ತೆರಡು ವರ್ಷ. ನಿನ್ನ ಬಂಡೀಲಿ ಇರೋದು ಒಬ್ಬ ತೆಯೋ. ಅವನು ಕಿರಿಚೋದೂ ಇಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ.

"ಯೋಚಿಸು. ಸಾರು ಆರುತ್ತೆ."

ಜೂನ್ 11, ಗುರುವಾರ

ಯೋಚಿಸಿದೆ.

ಜೂನ್ 12, ಶುಕ್ರವಾರ

ಯಾವ ಕ್ಲಚ್ ಎಂದು ತೀರ್ಮಾನಿಸಲು ಹಾಳೆಯಲ್ಲಿ ಬರೆದುಕೊಂಡೆ. ಎರಡು ಪ್ಲೇಟಿನದು ಹಿಡಿಯುವಾಗ ಗಾಡಿ ಜಗ್ಗುತ್ತದೆ. ಜಗ್ಗಿದರೆ ಬಂಡಿಯಲ್ಲಿನ ಪಿಂಗಾಣಿ ಒಡೆಯುತ್ತದೆ, ಒಲೆಯ ಕೊಳವೆ ಕಳಚುತ್ತದೆ. ಕಂಪನಿಯಿಂದ ಬಂದಂಥದ್ದು ಮೆತ್ತಗಿದೆ, ಆದರೆ ಬೆಟ್ಟದ ತಿರುವುಗಳಲ್ಲಿ ಭಾರ ಹೊತ್ತು ನಿಂತು ಹೊರಡುವಾಗ ಬೇಗ ಬಿಸಿಯಾಗಬಹುದು. ನಡುವಿನದು ಸರಿ. ಮೈಟೆಯ ಕಾಲು ಗಿಡ್ಡ, ಅವಳಿಗೆ ಪೆಡಲ್ ಹಗುರವಿರಬೇಕು ಎಂಬುದೂ ಒಂದು ಕಾರಣ. ಮುಖ್ಯ ಕಾರಣ ಪಿಂಗಾಣಿ.

ಕೊರಿನ್‌ಗೆ ಫೋನ್ ಮಾಡಿದೆ. ಆ ಗಟ್ಟಿ ಕ್ಲಚ್‌ನ ಗಾಡಿಯಲ್ಲಿ ಕೂತು ನೋಡಿದಿರಾ ಎಂದರು. ನೋಡಿದೆ, ಸೀಟು ಹಿಂದಿತ್ತು ಎಂದೆ.

"ಎಲ್ಲರೂ ಹಾಗೇ ಅಂತಾರೆ. ಸರಿ, ಫಾರಂ ತುಂಬ್ತೀನಿ. ಎಳೆಯೋದು ನಾಲ್ಕು ಸಾವಿರದ ಆರುನೂರು. ಗಾಡಿ ಓಡಿಸೋದು?"

ಮೈಟೆ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ನೀರಿನ ಸದ್ದು ನಿಂತಿತು.

"ನನ್ನ ಹೆಂಡತಿ" ಎಂದೆ.

"ಓ. ಅವರು ಹೇಗೆ ಓಡಿಸ್ತಾರೆ?"

"ಹತ್ತು ವರ್ಷ ಒಂದೇ ಕ್ಲಚ್ಚಲ್ಲಿ ಬಸ್ಸು ಓಡಿಸಿದಾಳೆ."

"ಅಂಥೋರಿಗೆ ಮಾರಿದ್ರೆ ನಮ್ಮ ಕಂಪನಿ ಮುಚ್ಚುತ್ತೆ" ಎಂದರು ಕೊರಿನ್. ಒಂದು ಪ್ಲೇಟಿನದು, ಒಳ್ಳೆ ಲೈನಿಂಗಿನದು, ಹೊಸ ಬೇರಿಂಗ್ ಸಮೇತ. ಒಂದು ವಾರದಲ್ಲಿ ಬರುತ್ತದೆ. ಆದರೆ ಒಂದು ಮಾತು: ಹಾಕಿದ ಮೇಲೆ ಐನೂರು ಮೈಲಿ ಭಾರ ಎಳೆಯದೆ, ಆಗಾಗ ನಿಲ್ಲಿಸಿ ಹೊರಡಿಸಿ ಓಡಿಸಬೇಕು. ಆಗ ಮಾತ್ರ ಪ್ಲೇಟು ಸರಿಯಾಗಿ ಕೂರುತ್ತದೆ.

ಲೆಕ್ಕ ಹಾಕಿದೆ. 20ಕ್ಕೆ ಹಾಕಿದರೆ 26ರೊಳಗೆ ಐನೂರು ಮೈಲಿ. ಅದೂ ನಿಲ್ಲಿಸಿ ನಿಲ್ಲಿಸಿ. ಈ ಸೀಮೆಯಲ್ಲಿ ನಿಲ್ಲಿಸಲು ಒಂದು ಸಿಗ್ನಲ್ ಕೂಡ ಇಲ್ಲ.

ಜೂನ್ 20, ಶನಿವಾರ

ಕ್ಲಚ್ ನಿನ್ನೆ ಬಂತು, ಇವತ್ತು ಕೂತಿತು. ಡೆಲ್ಮರ್ ಕೀಲಿಕೈಯನ್ನು ನನ್ನ ಮುಂದೆ ಚಾಚಿ, ಹಾಗೇ ಕೈ ತಿರುಗಿಸಿ ಮೈಟೆಗೆ ಕೊಟ್ಟ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಬಲಗಡೆ, ಡ್ರೈವರ್ ಪಕ್ಕದ ಸೀಟಿಗೆ ಹತ್ತಿದೆ. ಬಲಗಡೆಯ ಬಾಗಿಲಿನ ಹಿಡಿಕೆ ಸಡಿಲವಾಗಿದೆ ಎಂದು ಇವತ್ತೇ ಗೊತ್ತಾಯಿತು.

"ಎಡಗಾಲು ಎಲ್ಲಿಟ್ಕೋಬೇಕು ಗೊತ್ತಾ?" ಎಂದಳು. "ಎಲ್ಲಿ ಬೇಕಾದ್ರೂ ಇಟ್ಕೋ. ಆ ಕಡೆ ಏನೂ ಇಲ್ಲ."

ಜೂನ್ 22, ಸೋಮವಾರ

ಐನೂರು ಮೈಲಿಗೆ ಮೈಟೆ ದಾರಿ ಕಂಡುಕೊಂಡಿದ್ದಾಳೆ. ತನ್ನ ಬಸ್ಸಿನ ದಾರಿ. ಒಂದು ಸುತ್ತು ಅರವತ್ತೆರಡು ಮೈಲಿ, ಮೂವತ್ತೊಂದು ನಿಲುಗಡೆ. ಎಂಟು ಸುತ್ತಾದರೆ ನಾನೂರ ತೊಂಬತ್ತಾರು. ಎಲ್ಲ ನಿಲುಗಡೆಯಲ್ಲೂ ನಿಲ್ಲಿಸುತ್ತಾಳೆ. ಐದು ಎಣಿಸಿ ಹೊರಡುತ್ತಾಳೆ. ಹೊರಡುವ ಮುಂಚೆ ಕನ್ನಡಿಯಲ್ಲಿ ಹಿಂದೆ ನೋಡುತ್ತಾಳೆ, ಮಕ್ಕಳು ಕೂತರೋ ಇಲ್ಲವೋ ಎಂದು.

ಮಕ್ಕಳು ಅಂಗಳದಿಂದ ಕೈಬೀಸಿದರು. ಹೋಗ್ಲಂಡ್ ಅಜ್ಜಿ ಮೊಮ್ಮಗಳ ಊಟದ ಡಬ್ಬಿ ಹಿಡಿದುಕೊಂಡು ಗೇಟಿನ ತನಕ ಓಡಿಬಂದರು. "ಶಾಲೆ ಮತ್ತೆ ಶುರುವಾಯ್ತಾ?"

"ಇಲ್ಲ ಅಜ್ಜಿ, ನಮ್ಮನೆಯೋರನ್ನ ಮಾತ್ರ ಕರ್ಕೊಂಡು ಹೋಗ್ತಿದೀನಿ. ಅವ್ರು ಹಿಂದಿನ ಪರೀಕ್ಷೇಲಿ ಫೇಲು."

ಅಜ್ಜಿ ಡಬ್ಬಿಯನ್ನು ನನಗೇ ಕೊಟ್ಟರು. ಒಳಗೆ ಸೇಬು, ಹಂದಿಮಾಂಸದ ಸ್ಯಾಂಡ್‌ವಿಚ್ ಇತ್ತು. ಚೆನ್ನಾಗಿತ್ತು.

ಇವತ್ತಿಗೆ ನಿನ್ನೆಯದೂ ಸೇರಿ ಮೂರು ಸುತ್ತು. ಅವಳ ಕಾಲನ್ನು ಗಮನಿಸಿದೆ. ಗೇರ್ ಬಿದ್ದ ಕೂಡಲೇ ಪೆಡಲಿನಿಂದ ಇಳಿದು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತದೆ. ಬಿಸಿ ಒಲೆ ಮುಟ್ಟಿ ಕೈ ತೆಗೆದ ಹಾಗೆ. ಮೂವತ್ನಾಲ್ಕು ವರ್ಷ ಜೊತೆಗಿದ್ದೂ ಇದನ್ನು ನೋಡಿರಲಿಲ್ಲ. ನಾನು ಯಾವಾಗಲೂ ಎಡಗಡೆ, ಸ್ಟೀರಿಂಗ್ ಹಿಂದೆ ಕೂರುತ್ತಿದ್ದೆ.

ಜೂನ್ 26, ಶುಕ್ರವಾರ

ಎಂಟನೇ ಸುತ್ತು ಮುಗಿಯಿತು. ಉಳಿದ ನಾಲ್ಕು ಮೈಲಿಗೆ ಐಸ್‌ಕ್ರೀಂ ಅಂಗಡಿಗೆ ಹೋದೆವು. ಹೋಗಿ ಬಂದದ್ದು ಆರು ಮೈಲಿ. ಒಟ್ಟು ಐನೂರ ಎರಡು.

ಜೂನ್ 27, ಶನಿವಾರ

ಐದೂವರೆಗೆ ಹೊರಟೆವು. ಕುರಿಗಳು ಮುಂದೆ, ಬಂಡಿ ಹಿಂದೆ. ಅಷ್ಟನ್ನಾದರೂ ಅಪ್ಪನ ಹಾಗೇ ಮಾಡೋಣ ಎಂದೆ. ಮೈಟೆ ಸಣ್ಣ ಲಿವರ್ ಹಾಕಿದಳು, ಪೆಡಲ್ ಬಿಟ್ಟಳು, ಎರಡೂ ಕಾಲು ನೆಲದ ಮೇಲಿಟ್ಟಳು. ಗಾಡಿ ತಾನೇ ಹೊರಟಿತು, ಮುದುಕರು ಪೇಟೆಗೆ ಹೋಗುವ ಹಾಗೆ. ಅದೂ ಜೋರಾದರೆ ನಿಲ್ಲಿಸಿ, ಕುರಿಗಳು ಅಷ್ಟು ದೂರ ಹೋಗುವ ತನಕ ಪತ್ರಿಕೆಯ ಪದಬಂಧ ಬಿಡಿಸುತ್ತಾಳೆ.

"ಅಪ್ಪ ನಿಲ್ಲಿಸ್ತಿರಲಿಲ್ಲ" ಎಂದೆ.

"ಅವರಿಗೆ ಪದಬಂಧ ಬರ್ತಿರಲಿಲ್ಲ."

ಎಂಟು ಮೈಲಿ. ಸುಟ್ಟ ವಾಸನೆ ಇಲ್ಲ. ಬಂಡಿಯಲ್ಲಿ ಒಂದು ತಟ್ಟೆಯೂ ಒಡೆದಿಲ್ಲ. ಆದರೆ ದಿನವಿಡೀ ಇಬ್ಬರೂ ಧೂಳು ತಿಂದೆವು.

ಜೂನ್ 30, ಮಂಗಳವಾರ

ಹೊಳೆಯ ಸೇತುವೆ. ಪ್ರತಿ ವರ್ಷ ಕರ್ನಲ್ ಮೊದಲು ಹಲಗೆಯ ಮೇಲೆ ಕಾಲಿಡುತ್ತಿತ್ತು, ಉಳಿದವು ಅದರ ಹಿಂದೆ ನಡೆಯುತ್ತಿದ್ದವು. ಈ ಸಲ ಮುಂದೆ ಯಾರೂ ಇಲ್ಲ. ಕುರಿಗಳು ಹಲಗೆ ಮೂಸಿ ಹಿಂದೆ ತಿರುಗಿದವು. ತೆಯೋ ಕೂಗಿದ, ಶಿಳ್ಳೆ ಹಾಕಿದ, ಎರಡು ನಾಯಿಗಳೂ ಸುಸ್ತಾದವು. ಎರಡು ಗಂಟೆ. ಹಿಂದೆ ಇನ್ನೊಬ್ಬರ ಹಿಂಡು ಬರುತ್ತಿರುವ ಧೂಳು ಕಾಣಿಸಿತು. ಎರಡು ಹಿಂಡು ಬೆರೆತರೆ ಬೇರೆ ಮಾಡಲು ಮೂರು ದಿನ. ಆಮೇಲೆ 6ನೇ ತಾರೀಕಿನ ಗೇಟು ನಮಗಿಲ್ಲ.

ಒಂದು ಕುರಿಯನ್ನು ಎಳೆದುಕೊಂಡು ದಾಟೋಣವೆಂದು ಇಳಿದೆ. ಹತ್ತು ಹೆಜ್ಜೆಗೆ ಮೊಣಕಾಲು ಕೈಕೊಟ್ಟಿತು. ಬೇಲಿ ಹಿಡಿದು ನಿಂತೆ.

ಮೈಟೆ ಕಿಟಕಿಯಿಂದ ತಲೆ ಹೊರಹಾಕಿದಳು. "ಗ್ರಾಸಿಯನ್, ಹತ್ತು. ತೆಯೋ, ಅವುಗಳನ್ನ ಪಕ್ಕಕ್ಕೆ ಸರಿಸಪ್ಪಾ, ನಾನು ಮುಂದೆ ಹೋಗ್ತೀನಿ."

"ಬಂಡಿ ಮುಂದೆ ಹೋಗೋದಿಲ್ಲ" ಎಂದೆ.

"ಇವತ್ತು ಹೋಗುತ್ತೆ."

ಕುರಿಗಳ ನಡುವೆ ಜಾಗ ಮಾಡಿಕೊಂಡು, ಒಂದನ್ನೂ ತಾಗಿಸದೆ, ಸೇತುವೆ ದಾಟಿ ನಿಲ್ಲಿಸಿದಳು. ಸೀಟಿನ ಕೆಳಗಿನಿಂದ ಕರ್ನಲ್‌ನ ಗಂಟೆ ತೆಗೆದಳು. ಅದು ಕೊಟ್ಟಿಗೆಯಲ್ಲಿದೆ ಎಂದೇ ನಾನು ತಿಳಿದಿದ್ದೆ. ಇಳಿದು ಹೋಗಿ ಬಂಡಿಯ ಹಿಂಬದಿಗೆ ಕಟ್ಟಿ ಬಂದಳು.

ಗಾಡಿ ಮೆಲ್ಲಗೆ ಹೊರಟಿತು. ಬಂಡಿ ಅಲುಗಿತು. ಗಂಟೆ ಬಾರಿಸಿತು.

ಹಿಂದೆ ನೋಡಿದೆ. ಮುದಿ ಕುರಿಯೊಂದು ತಲೆಯೆತ್ತಿತು. ಹಲಗೆಯ ಮೇಲೆ ಕಾಲಿಟ್ಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಹಿಂಡು, ಸೇತುವೆ ಗುಡುಗುತ್ತ. ಇಪ್ಪತ್ತು ನಿಮಿಷದಲ್ಲಿ ಕೊನೆಯ ಮರಿಯೂ ದಾಟಿತು.

ತೆಯೋ ಕುದುರೆಯ ಮೇಲೆ ನಮ್ಮ ಪಕ್ಕಕ್ಕೆ ಬಂದು ಟೋಪಿ ತೆಗೆದ. "ಅಮ್ಮಾವ್ರೇ, ಅವು ನಿಮ್ಮನ್ನ ಕರ್ನಲ್ ಅಂದ್ಕೊಂಡಿವೆ."

"ಯಜಮಾನ್ರಿಗಿಂತ ಮೊದಲು ಕುರಿಗಳಿಗೆ ಗೊತ್ತಾಯ್ತು" ಎಂದಳು ಮೈಟೆ.

ಉಳಿದ ದಾರಿಯೆಲ್ಲ ಹೀಗೇ ಹೋಗುವುದೆಂದು ತೀರ್ಮಾನವಾಗಿದೆ. ಮುಂದೆ ಹೋದರೆ ಧೂಳು ತಿನ್ನಬೇಕಾಗಿಲ್ಲ. ನಾನು ಮೊದಲೇ ಯೋಚಿಸಬೇಕಿತ್ತು.

ಜುಲೈ 6, ಸೋಮವಾರ

ಗೇಟು ಎಂಟಕ್ಕೆ ತೆರೆಯಿತು. ಅರಣ್ಯ ಇಲಾಖೆಯವರು ಎಣಿಸಿದ್ದು ಸಾವಿರದ ಮೂವತ್ತೊಂಬತ್ತು, ನಾನು ಎಣಿಸಿದ್ದು ಸಾವಿರದ ನಲವತ್ತು. ಒಂದು ಕುರಿ ಬಂಡಿಯೊಳಗೆ ತೆಯೋನ ಹಾಸಿಗೆಯ ಮೇಲಿತ್ತು, ಕಾಲಿಗೆ ಪಟ್ಟಿ.

ಕ್ಯಾಂಪಿನ ಜಾಗಕ್ಕೆ ಬಂಡಿಯನ್ನು ಎರಡು ಬಂಡೆಗಳ ನಡುವೆ ರಿವರ್ಸ್‌ನಲ್ಲಿ ಕೂರಿಸಬೇಕು. ನನಗೆ ಪ್ರತಿ ವರ್ಷ ಐದಾರು ಸಲ ಹಿಂದೆ ಮುಂದೆ ಆಗುತ್ತಿತ್ತು. ಮೈಟೆ ಒಂದೇ ಸಲಕ್ಕೆ ಕೂರಿಸಿದಳು. ನಾನು ಕೈಸನ್ನೆ ಮಾಡುತ್ತಿದ್ದೆ, ಅದು ಉಪಯೋಗಕ್ಕೆ ಬಂತು.

"ಬಂತಾ?" ಎಂದು ತೆಯೋನನ್ನು ಕೇಳಿದೆ.

"ಅಮ್ಮಾವ್ರು ಈ ಕಡೆ ಕನ್ನಡಿ ನೋಡ್ತಿದ್ರು, ನೀವು ಆ ಕಡೆ ನಿಂತಿದ್ರಿ ಯಜಮಾನ್ರೇ. ಆದ್ರೂ ಸನ್ನೆ ಚೆನ್ನಾಗಿತ್ತು."

ಮಧ್ಯಾಹ್ನ ಬೆಟ್ಟದ ಅಂಚಿನಲ್ಲಿ ಫೋನ್ ಸಿಗ್ನಲ್ ಸಿಕ್ಕಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಆಪರೇಷನ್ ಮರಿಗಳನ್ನು ಮಾರಿ ಕಳಿಸಿದ ಮೇಲೆ, ಅಕ್ಟೋಬರ್ 20ಕ್ಕೆ. ಮೂರು ತಿಂಗಳು ಕ್ಲಚ್ ಇಲ್ಲ ಎಂದು ಅವರು ಮತ್ತೆ ನೆನಪಿಸಿದರು. ಅದೇನೂ ತೊಂದರೆಯಿಲ್ಲ, ಡ್ರೈವರ್ ಇದ್ದಾರೆ ಎಂದೆ.

ಜುಲೈ 12, ಭಾನುವಾರ

ವಾರದ ದಿನಸಿ ತೆಗೆದುಕೊಂಡು ಮೈಟೆಯ ಪಿಕಪ್‌ನಲ್ಲಿ ಬೆಟ್ಟಕ್ಕೆ ಬಂದೆವು. ಬೆಳಿಗ್ಗೆ ತಂಪು, ಆಕಾಶ ಶುಭ್ರ. ಮೊಣಕಾಲು ನೋಯುತ್ತಿದೆ. ಹವಾಮಾನಕ್ಕೂ ಅದಕ್ಕೂ ಸಂಬಂಧವಿಲ್ಲ.

ತೆಯೋ ಬಿಳಿ ಮರದ ಕೊಂಬೆ ಕೆತ್ತಿ ನನಗೊಂದು ಊರುಗೋಲು ಮಾಡಿಟ್ಟಿದ್ದ. ಹಿಡಿಯ ಕೆಳಗೆ ಕರ್ನಲ್‌ನ ಗಂಟೆ ಕಟ್ಟಿತ್ತು. ಇದು ಯಾರ ಬುದ್ಧಿ ಎಂದೆ. ಇಬ್ಬರೂ ಒಟ್ಟಿಗೆ ಕಾಫಿ ಲೋಟ ಬಾಯಿಗೆತ್ತಿದರು.

"ಡಾಕ್ಟ್ರು ದಿನಕ್ಕೆ ಅರ್ಧ ಮೈಲಿಗಿಂತ ಜಾಸ್ತಿ ನಡೀಬಾರದು ಅಂದಿದಾರೆ" ಎಂದಳು ಮೈಟೆ. "ಎಲ್ಲಿದೀಯ ಅಂತ ನಮಗೆ ಕೇಳಿಸ್ತಿರ್ಬೇಕು."

ಬಿಚ್ಚಿಹಾಕೋಣ ಎಂದುಕೊಂಡೆ. ಆಮೇಲೆ ಬಿಚ್ಚೋಣವೆಂದು ಹಾಗೇ ಊರಿಕೊಂಡು ಬುಗ್ಗೆಯ ತನಕ ನಡೆದೆ. ನೀರು ಕುಡಿದು ತಿರುಗಿದರೆ ಹಿಂದೆ ಕುರಿಗಳು ನಿಂತಿದ್ದವು. ನಾನು ನಿಂತದ್ದಕ್ಕೆ ಅವೂ ನಿಂತಿದ್ದವು. ಎರಡು ಹೆಜ್ಜೆ ಇಟ್ಟೆ. ಅವೂ ಬಂದವು.

ಹಾಗೇ ಕ್ಯಾಂಪಿಗೆ ಬಂದೆ, ಸ್ವಲ್ಪ ಸುತ್ತುಹಾಕಿಕೊಂಡೇ. ಹನ್ನೊಂದು ಕುರಿ ಎಂದು ಮೈಟೆ ಹೇಳುತ್ತಾಳೆ. ಬಂಡೆಯ ಹಿಂದಿದ್ದವು ಅವಳಿಗೆ ಕಾಣಿಸಿಲ್ಲ. ಹದಿನಾಲ್ಕು.